ಗಣಕಯಂತ್ರದ ದೀರ್ಘ ಕೆಲಸಗಳು ಮತ್ತು ವಿದ್ಯುತ್ ವ್ಯತ್ಯಯ: ವರ್ತಕರು ಗಮನಿಸಬೇಕಾದ ಕೆಲವು ಸಂಗತಿಗಳು

ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸುವ ತಿರುಗು ಗೂಡು, ಅಂದರೆ ಕಿಲ್ನ್, ವಿದ್ಯುತ್ ಹೋಯಿತೆಂದು ಇದ್ದಲ್ಲಿಯೇ ನಿಂತುಬಿಡಬಾರದು. ನಿಂತರೆ ಕಾದ ಉಕ್ಕಿನ ಕೊಳವೆಯು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆದ್ದರಿಂದ ಇಂಥ ಗೂಡುಗಳಿಗೆ ಡೀಸೆಲ್ ಎಂಜಿನ್ನಿನಿಂದ ನಡೆಯುವ ಒಂದು ಚಿಕ್ಕ ಸಹಾಯಕ ಚಾಲಕವನ್ನು ಜೋಡಿಸಿರುತ್ತಾರೆ. ವಿದ್ಯುತ್ ಇಲ್ಲದಾಗ ಅದು ಗೂಡನ್ನು ಅತಿ ನಿಧಾನವಾಗಿ ತಿರುಗಿಸುತ್ತ, ತಣ್ಣಗಾಗುವವರೆಗೆ ಕಾಯುತ್ತದೆ. ಆ ಎಂಜಿನ್ನು ಒಂದು ಚೀಲ ಸಿಮೆಂಟನ್ನೂ ಉತ್ಪಾದಿಸುವುದಿಲ್ಲ. ಹಾನಿಯಾಗದಂತೆ ನಿಲ್ಲಿಸುವುದಷ್ಟೇ ಅದರ ಕೆಲಸ.

ನಮ್ಮ ಅಂಗಡಿ, ಗಿರಣಿ, ಕಚೇರಿಗಳಲ್ಲಿ ಮೇಜಿನ ಕೆಳಗೆ ಕುಳಿತಿರುವ ಯು.ಪಿ.ಎಸ್. ಪೆಟ್ಟಿಗೆಯ ಕೆಲಸವೂ ಇದೇ. ಆದರೆ ಬಹುಪಾಲು ವರ್ತಕ ಬಾಂಧವರು ಅದನ್ನು ವಿದ್ಯುತ್ ಇಲ್ಲದಾಗಲೂ ಕೆಲಸ ಮುಂದುವರಿಸುವ ಸಾಧನವೆಂದು ತಿಳಿದು ಕೊಳ್ಳುತ್ತಾರೆ. ಈ ತಪ್ಪು ತಿಳಿವಳಿಕೆಯಿಂದ ಆಗುವ ನಷ್ಟವನ್ನು ನಾನು ಲೆಕ್ಕ ಪರಿಶೋಧಕನಾಗಿ ಹಲವು ಬಾರಿ ಕಂಡಿದ್ದೇನೆ. ಅವುಗಳಲ್ಲಿ ಒಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಪಯುಕ್ತವೆಂದು ಭಾವಿಸುತ್ತೇನೆ.

ಒಂದು ರಾತ್ರಿಯ ಕಥೆ

ಕೆಲವು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳು. ಸೇಡಂ ಭಾಗದ ಒಂದು ಬೇಳೆ ಗಿರಣಿಯಲ್ಲಿ ಹಳೆಯ ವರ್ಷದ ಲೆಕ್ಕವನ್ನು ಹೊಸ ವರ್ಷದಿಂದ ಬೇರ್ಪಡಿಸುವ ಕೆಲಸ ನಡೆಯಬೇಕಿತ್ತು. ಐದಾರು ವರ್ಷಗಳ ವ್ಯವಹಾರ ಒಂದೇ ಕಡತದಲ್ಲಿ ಸೇರಿ ಯಂತ್ರ ನಿಧಾನವಾಗಿತ್ತು. ಇಂಥ ವಿಭಜನೆಗೆ ಒಂದು ಗಂಟೆಯೋ ಎರಡು ಗಂಟೆಯೋ ಹಿಡಿಯುವುದು ಸಹಜ. ಮುನೀಮರು ಸಂಜೆ ಏಳೂವರೆಗೆ ಆಜ್ಞೆ ಕೊಟ್ಟು, ಬೆಳಗಿನೊಳಗೆ ಮುಗಿದಿರುತ್ತದೆಂದು ಪರದೆಯನ್ನು ಮಾತ್ರ ಆರಿಸಿ ಮನೆಗೆ ಹೋದರು. ಯು.ಪಿ.ಎಸ್. ಇತ್ತು. ಕೊಂಡು ನಾಲ್ಕು ಬೇಸಿಗೆ ಕಳೆದಿದ್ದವು, ಅಷ್ಟೇ.

ಆ ರಾತ್ರಿ ಮುಂಗಾರುಪೂರ್ವ ಗಾಳಿಮಳೆ ಬಂತು. ವಿದ್ಯುತ್ ಹೋಯಿತು, ಬಂತು, ಮತ್ತೆ ಹೋಯಿತು. ಬೆಳಿಗ್ಗೆ ಒಂಬತ್ತಕ್ಕೆ ನನಗೆ ದೂರವಾಣಿ ಕರೆ: "ಸಾಹೇಬ್ರ, ರಾತ್ರಿ ಕರೆಂಟ್ ಹೋಗಿತ್ರಿ, ಕಂಪ್ಯೂಟರ್‌ದಾಗ ನಮ್ಮ ಕಂಪನಿ ಹೆಸರೇ ತೋರಸ್ವಲ್ದ್ರಿ."

ಪ್ರತಿ ಇದೆಯೇ ಎಂದು ಕೇಳಿದೆ. ಇತ್ತು, ಪೆನ್ ಡ್ರೈವಿನಲ್ಲಿ. ದೀಪಾವಳಿಯ ಪೂಜೆಗೆ ಮುಂಚೆ ತೆಗೆದದ್ದು. (ಹಿಂದೆ ಖಾತೆವಹಿಗಳಿಗೆ ಪೂಜೆ ಮಾಡುತ್ತಿದ್ದೆವು, ಈಗ ಗಣಕಯಂತ್ರಕ್ಕೂ ಕುಂಕುಮ ಹಚ್ಚುತ್ತೇವೆ. ಪೂಜೆಯ ನೆಪದಲ್ಲಾದರೂ ವರ್ಷಕ್ಕೊಮ್ಮೆ ಪ್ರತಿ ತೆಗೆಯುವ ಪದ್ಧತಿ ಆ ಮನೆಯಲ್ಲಿತ್ತೆಂಬುದು ಅವರ ಪುಣ್ಯ.) ಅಲ್ಲಿಂದ ಮಾರ್ಚ್ 31ರವರೆಗಿನ ಲೆಕ್ಕ ಇಲ್ಲವಾಗಿತ್ತು. ತೊಗರಿಯ ಸುಗ್ಗಿ ಡಿಸೆಂಬರಿನಿಂದ ಫೆಬ್ರುವರಿವರೆಗೆ. ಇಡೀ ವರ್ಷದ ಖರೀದಿಯ ಹೆಚ್ಚಿನ ಪಾಲು ಕಳೆದುಹೋದ ಆ ತಿಂಗಳುಗಳಲ್ಲಿಯೇ ಇತ್ತು.

ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ಎಲ್ಲವೂ ಇರುತ್ತದಲ್ಲ ಎಂದು ಮಾಲೀಕರು ಕೇಳಿದರು. ಅನೇಕರು ಹೀಗೆಯೇ ನಂಬಿದ್ದಾರೆ. ಶಹಾಬಾದಿನ ಪರಸಿ ವ್ಯಾಪಾರಿಗೆ ಈ ನಂಬಿಕೆ ಸ್ವಲ್ಪ ಮಟ್ಟಿಗೆ ಸರಿ. ಅವರ ಸರಕಿಗೆ ತೆರಿಗೆ ಇದೆ. ನೋಂದಾಯಿತ ಗಿರಾಕಿಗಳ ಬಿಲ್ಲುಗಳು ಒಂದೊಂದಾಗಿ ಜಿ.ಎಸ್.ಟಿ.ಆರ್.-1ರಲ್ಲಿ ಇರುತ್ತವೆ, ಇ-ವೇ ಬಿಲ್ಲುಗಳೂ ಇರುತ್ತವೆ. ಬೇಳೆ ಗಿರಣಿಯ ಸ್ಥಿತಿ ಹಾಗಲ್ಲ. ತೆರಿಗೆ ಇಲ್ಲದ ಬೇಳೆಯ ಮಾರಾಟವನ್ನು ಆ ನಮೂನೆಯಲ್ಲಿ ಒಟ್ಟು ಮೊತ್ತವಾಗಿ ಮಾತ್ರ ತೋರಿಸುತ್ತೇವೆ, ಬಿಲ್ಲುವಾರು ಅಲ್ಲ. ತೆರಿಗೆ ವಿನಾಯಿತಿಯ ಸರಕಿಗೆ ಇ-ವೇ ಬಿಲ್ಲೂ ಬೇಕಿಲ್ಲ. ರೈತರಿಂದ ಕೊಂಡ ತೊಗರಿಯು ನಮ್ಮ ಜಿ.ಎಸ್.ಟಿ.ಆರ್.-2ಎ ಅಥವಾ 2ಬಿಯಲ್ಲಿ ಬರುವುದೇ ಇಲ್ಲ. ಹಮಾಲಿ, ಬಾಡಿಗೆ, ನಗದು ಖರ್ಚು ಯಾವ ಪೋರ್ಟಲ್‌ನಲ್ಲಿಯೂ ಇರುವುದಿಲ್ಲ. ಕಡೆಗೆ ಅಡತ್ ಅಂಗಡಿಗಳ ಪಟ್ಟಿಗಳು, ತೂಕದ ಚೀಟಿಗಳು, ಬ್ಯಾಂಕ್ ವಿವರಪಟ್ಟಿ, ಮುನೀಮರ ಕೈಬರಹದ ರೋಕಡ ಚೀಟಿಗಳು, ಇವುಗಳನ್ನು ಮುಂದಿಟ್ಟುಕೊಂಡು ಇಬ್ಬರು ನೌಕರರು ಐದು ವಾರ ಕುಳಿತು ಮರುನಮೂದು ಮಾಡಿದರು. ದಾಸ್ತಾನು ಪೂರ್ತಿ ಹೊಂದಿಕೆಯಾಗಲು ಇನ್ನೂ ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ಬ್ಯಾಂಕಿನ ಸಾಲ ನವೀಕರಣದ ಕಾಗದಪತ್ರ ಕಾಯುತ್ತ ಬಿದ್ದಿತ್ತು.

ಒಂದು ಹೊಸ ಬ್ಯಾಟರಿಯ ಬೆಲೆ ಆ ಐದು ವಾರದ ಒಂದೆರಡು ದಿನದ ಸಂಬಳಕ್ಕಿಂತ ಹೆಚ್ಚಿರಲಿಲ್ಲ.

ಕಡತ ಹಾಳಾಗುವುದು ಏಕೆ?

ಮುನೀಮರು ರೋಜು ಕೀರ್ದಿಯಲ್ಲಿ ಒಂದು ಜಮೆ ಬರೆದು, ಅದನ್ನು ಖತಾವಣಿಗೆ ಏರಿಸುವ ಮೊದಲೇ ಯಾರೋ ಅವರನ್ನು ಎಬ್ಬಿಸಿ ಕರೆದೊಯ್ದರೆ ಏನಾಗುತ್ತದೆ? ಕೀರ್ದಿಗೂ ಖಾತೆಗೂ ತಾಳೆಯಾಗುವುದಿಲ್ಲ. ಗಣಕಯಂತ್ರದಲ್ಲಿ ಆಗುವುದೂ ಇದೇ. ನಾವು ನಮೂದಿಸಿದ್ದು ಮೊದಲು ತಾತ್ಕಾಲಿಕ ಸ್ಮರಣೆಯಲ್ಲಿ ಕುಳಿತು, ಬಳಿಕ ಡಿಸ್ಕಿಗೆ ಹಲವು ಕಂತುಗಳಲ್ಲಿ ಇಳಿಯುತ್ತದೆ. ವಿವರ ಒಂದು ಕಡೆ, ಅದನ್ನು ಹುಡುಕಿಕೊಡುವ ಸೂಚಿ ಇನ್ನೊಂದು ಕಡೆ. ಒಂದು ಬರೆದು ಇನ್ನೊಂದು ಬರೆಯುವಷ್ಟರಲ್ಲಿ ವಿದ್ಯುತ್ ಹೋದರೆ ಕಡತ ಅರ್ಧಂಬರ್ಧವಾಗುತ್ತದೆ.

ಒಂದು ಬಿಲ್ಲು ಹಾಕುವಾಗ ಇಂಥ ಅಪಾಯದ ಅವಧಿ ಒಂದು ಕ್ಷಣ ಮಾತ್ರ. ಹೋದರೆ ಆ ಒಂದು ಬಿಲ್ಲು ಹೋದೀತು. ಆದರೆ ವರ್ಷ ವಿಭಜನೆ, ಕಡತದ ದುರಸ್ತಿ, ಹಳೆಯ ಆವೃತ್ತಿಯಿಂದ ಹೊಸ ಆವೃತ್ತಿಗೆ ವರ್ಗಾವಣೆ, ಪ್ರತಿಯಿಂದ ಮರುಸ್ಥಾಪನೆ, ವಿಂಡೋಸ್ ನವೀಕರಣ ಇವುಗಳಲ್ಲಿ ಯಂತ್ರವು ಗಂಟೆಗಟ್ಟಲೆ ಬರೆಯುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಅಪಾಯವೇ. ಇವುಗಳನ್ನೇ ನಾವು ರಾತ್ರಿ ಯಾರೂ ಇಲ್ಲದಾಗ ಹಚ್ಚಿಟ್ಟು ಹೋಗುತ್ತೇವೆ.

ಕಾಲ ಬದಲಾದ ಬಗೆ

ಈ ಭಾಗದಲ್ಲಿ ದಿನಕ್ಕೆ ನಾಲ್ಕಾರು ಗಂಟೆ ಲೋಡ್ ಶೆಡ್ಡಿಂಗ್ ಅನುಭವಿಸಿದ ಕಾಲವನ್ನು ಹಿರಿಯ ಸದಸ್ಯರು ಮರೆತಿರಲಾರರು. ಈಗ ಪರಿಸ್ಥಿತಿ ಸುಧಾರಿಸಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ದೇಶದ ಅರ್ಧ ಭಾಗ ಕತ್ತಲಾದಾಗ ದಕ್ಷಿಣದ ಜಾಲ ಬೇರೆಯಾಗಿದ್ದುದರಿಂದ ನಾವು ಉಳಿದೆವು. 2013ರ ಡಿಸೆಂಬರ್ 31ರಂದು ನಮ್ಮ ಪಕ್ಕದ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹಾಕಿದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಜಾಲವೂ ರಾಷ್ಟ್ರೀಯ ಜಾಲದೊಡನೆ ಕೂಡಿತು.

ಆದರೆ ಸುಧಾರಣೆಯಿಂದಲೇ ಒಂದು ಹೊಸ ತೊಂದರೆ ಹುಟ್ಟಿದೆ. ಲೋಡ್ ಶೆಡ್ಡಿಂಗ್ ಇದ್ದಾಗ ಅದಕ್ಕೊಂದು ವೇಳಾಪಟ್ಟಿ ಇತ್ತು. ನೌಕರರು ವೇಳೆ ನೋಡಿ ಕೆಲಸ ಉಳಿಸಿ ಯಂತ್ರ ನಿಲ್ಲಿಸುತ್ತಿದ್ದರು. ದಿನವೂ ಬ್ಯಾಟರಿಯ ಪರೀಕ್ಷೆಯಾಗುತ್ತಿತ್ತು, ಕೆಟ್ಟರೆ ಸಂಜೆಯೊಳಗೆ ಗೊತ್ತಾಗುತ್ತಿತ್ತು. ಈಗಿನ ವ್ಯತ್ಯಯ ಗಾಳಿಮಳೆಯಿಂದಲೋ ಮಾರ್ಗ ಟ್ರಿಪ್ ಆಗಿಯೋ ಹೇಳದೆ ಬರುತ್ತದೆ. ನಡುವಿನ ವಾರಗಳಲ್ಲಿ ಬ್ಯಾಟರಿ ಸತ್ತಿದ್ದರೂ ಯು.ಪಿ.ಎಸ್.ನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಆ ಹಸಿರು ದೀಪ ಹೇಳುವುದು ಗೋಡೆಯಿಂದ ವಿದ್ಯುತ್ ಬರುತ್ತಿದೆ ಎಂದಷ್ಟೇ.

ಹದಿನೈದು ನಿಮಿಷದ ಲೆಕ್ಕ

ಸಾಮಾನ್ಯವಾಗಿ ಬಳಕೆಯಲ್ಲಿರುವ 600 ವಿ.ಎ. ಯು.ಪಿ.ಎಸ್.ನಲ್ಲಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಸೀಸದ ಬ್ಯಾಟರಿ ಇರುತ್ತದೆ. ಎರಡನ್ನೂ ಗುಣಿಸಿದರೆ 84 ವ್ಯಾಟ್-ಗಂಟೆ. ಆದರೆ ಈ ಅಂಕಿ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಬಳಸಿದರೆ ದೊರೆಯುವಂಥದ್ದು. ಕೆಲವೇ ನಿಮಿಷಗಳಲ್ಲಿ ಎಳೆದಾಗ, ಪರಿವರ್ತನೆಯ ನಷ್ಟವನ್ನೂ ಕಳೆದರೆ, ಸುಮಾರು ಅರ್ಧ ಮಾತ್ರ ಕೈಗೆ ಬರುತ್ತದೆ. 120 ವ್ಯಾಟ್ ಬಳಸುವ ಗಣಕಯಂತ್ರ ಮತ್ತು ಪರದೆಗೆ ಅದು ಹದಿನೈದರಿಂದ ಇಪ್ಪತ್ತು ನಿಮಿಷ. ಇದು ಹೊಸ ಬ್ಯಾಟರಿಯ ಮಾತು.

ಸೀಸದ ಬ್ಯಾಟರಿಗೆ ಹಿತವಾದ ಉಷ್ಣತೆ 25 ಡಿಗ್ರಿ. ಅದಕ್ಕಿಂತ ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರು ಒಪ್ಪಿದ ಸ್ಥೂಲ ನಿಯಮ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ನಮ್ಮ ತಾಲ್ಲೂಕುಗಳಲ್ಲಿ, ತಗಡಿನ ಮಾಳಿಗೆಯ ಕೆಳಗೆ, ತೊಗರಿ ಹೊಟ್ಟಿನ ಅಥವಾ ಕಲ್ಲಿನ ಧೂಳಿನ ನಡುವೆ, ಗೋಣಿಚೀಲಗಳಿಗೆ ಒತ್ತಿಟ್ಟ ಯು.ಪಿ.ಎಸ್.ನ ಗತಿ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೂರು ವರ್ಷ ಬಾಳುವುದೆಂದು ಬೇರೆ ಊರಿನವರು ಹೇಳಿದರೆ ನಮ್ಮಲ್ಲಿ ಎರಡು ಎಂದು ಹಿಡಿಯುವುದು ಕ್ಷೇಮ.

ಲೇಸರ್ ಮುದ್ರಣಯಂತ್ರವನ್ನು ಯು.ಪಿ.ಎಸ್.ಗೆ ಜೋಡಿಸಬಾರದು. ಕಾಗದದ ಮೇಲೆ ಶಾಯಿಪುಡಿಯನ್ನು ಕಾಯಿಸಿ ಅಂಟಿಸುವಾಗ ಅದು ಏಕಾಏಕಿ ಎಳೆಯುವ ವಿದ್ಯುತ್ತನ್ನು ಸಣ್ಣ ಪೆಟ್ಟಿಗೆ ತಾಳುವುದಿಲ್ಲ. ಇದಕ್ಕೆ ಬದಲಾಗಿ ಲೆಕ್ಕದ ಕಡತ ಬೇರೊಂದು ಯಂತ್ರದಲ್ಲಿದ್ದು ಜಾಲದ ಮೂಲಕ ಬಳಸುವವರು, ನಡುವಿನ ನೆಟ್‌ವರ್ಕ್ ಸ್ವಿಚ್ಚಿಗೂ ಯು.ಪಿ.ಎಸ್. ಕೊಡಬೇಕು. ಎರಡೂ ಯಂತ್ರ ಉಳಿದು ನಡುವಿನ ದಾರಿ ಕಡಿದರೂ ಫಲ ಒಂದೇ.

ಇನ್ವರ್ಟರ್ ಇದ್ದರೆ ಸಾಲದೆ?

"ನಮ್ಮಲ್ಲಿ ಇನ್ವರ್ಟರ್ ಅದ, ಯು.ಪಿ.ಎಸ್. ಯಾಕ?" ಎಂಬ ಪ್ರಶ್ನೆ ಚಿಂಚೋಳಿಯಿಂದ ಚಿತ್ತಾಪುರದವರೆಗೆ ಎಲ್ಲ ಕಡೆ ಕೇಳಿಬರುತ್ತದೆ. ಉತ್ತರ ಮಿಲಿಸೆಕೆಂಡುಗಳಲ್ಲಿದೆ. ವಿದ್ಯುತ್ ಹೋದ ಮೇಲೆ ಗಣಕಯಂತ್ರದ ಒಳಗಿನ ವಿದ್ಯುತ್ ಪೂರೈಕೆ ಘಟಕ ಸುಮಾರು 16 ಮಿಲಿಸೆಕೆಂಡು ಮಾತ್ರ ತಡೆದುಕೊಳ್ಳಬಲ್ಲದು. ಸಾಮಾನ್ಯ ಯು.ಪಿ.ಎಸ್. ಹತ್ತು ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಹೊರಳುತ್ತದೆ. ಮನೆಬಳಕೆಯ ಇನ್ವರ್ಟರ್ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದುಂಟು. ಪಂಖ, ದೀಪಗಳಿಗೆ ಅದು ತಿಳಿಯುವುದೂ ಇಲ್ಲ. ಗಣಕಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅನೇಕ ಇನ್ವರ್ಟರುಗಳ ಹಿಂದೆ ಯು.ಪಿ.ಎಸ್. ವಿಧಾನಕ್ಕೆ ಬದಲಿಸುವ ಒಂದು ಗುಂಡಿ ಇರುತ್ತದೆ. ಅದನ್ನು ಒಮ್ಮೆಯೂ ಮುಟ್ಟಿ ನೋಡದ ಅಂಗಡಿಗಳೇ ಹೆಚ್ಚು.

ನನ್ನ ಅನುಭವದಲ್ಲಿ ನಮ್ಮ ಭಾಗಕ್ಕೆ ಹೊಂದುವ ವ್ಯವಸ್ಥೆಯೆಂದರೆ ಎರಡನ್ನೂ ಸರಣಿಯಲ್ಲಿ ಬಳಸುವುದು. ಗೋಡೆಯಿಂದ ಇನ್ವರ್ಟರ್, ಇನ್ವರ್ಟರಿನಿಂದ ಯು.ಪಿ.ಎಸ್., ಅದರಿಂದ ಗಣಕಯಂತ್ರ. ಹೊರಳುವ ಕ್ಷಣವನ್ನು ಯು.ಪಿ.ಎಸ್. ದಾಟಿಸುತ್ತದೆ, ಮುಂದಿನ ಗಂಟೆಗಳನ್ನು ಇನ್ವರ್ಟರ್‌ನ ದೊಡ್ಡ ಬ್ಯಾಟರಿ ನಡೆಸುತ್ತದೆ. ಆದರೆ ಇನ್ವರ್ಟರ್ ಶುದ್ಧ ಸೈನ್ ತರಂಗದ್ದಾಗಿರಬೇಕು. ಚೌಕ ತರಂಗದ ಅಗ್ಗದ ಇನ್ವರ್ಟರನ್ನು ಕೆಲವು ಯು.ಪಿ.ಎಸ್.ಗಳು ವಿದ್ಯುತ್ತೆಂದೇ ಒಪ್ಪುವುದಿಲ್ಲ. ತಮ್ಮ ಬ್ಯಾಟರಿಯನ್ನೇ ಬರಿದುಮಾಡಿ ನಿಲ್ಲುತ್ತವೆ. ಜನರೇಟರ್ ಇರುವ ಗಿರಣಿಗಳಿಗೂ ಇದೇ ಎಚ್ಚರ ಬೇಕು: ಜನರೇಟರ್ ಹೊತ್ತಿಕೊಂಡು ಆವರ್ತನ ಸ್ಥಿರವಾಗುವವರೆಗೆ ನಡುವಿನ ನಿಮಿಷಗಳು ಯು.ಪಿ.ಎಸ್.ನವೇ. ಬೇಳೆಯ ಬಣ್ಣ ವಿಂಗಡಿಸುವ ಯಂತ್ರ, ವೇ ಬ್ರಿಡ್ಜಿನ ಗಣಕಯಂತ್ರ ಇವುಗಳಿಗೆ ಆನ್‌ಲೈನ್ ಯು.ಪಿ.ಎಸ್. ದುಬಾರಿಯಾದರೂ ಯೋಗ್ಯ. ಲೆಕ್ಕದ ಒಂದು ಯಂತ್ರಕ್ಕೆ ಅದರ ಅವಶ್ಯಕತೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಯಾರೂ ಇಲ್ಲದಾಗ ನಿಲ್ಲಿಸುವವರಾರು?

ಮೇಲಿನ ಗಿರಣಿಯಲ್ಲಿ ಬ್ಯಾಟರಿ ಹೊಸದಿದ್ದರೂ ಇಪ್ಪತ್ತು ನಿಮಿಷದ ನಂತರ ಅದೇ ಗತಿಯಾಗುತ್ತಿತ್ತು, ಏಕೆಂದರೆ ಅದರ ಕೂಗನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಯು.ಪಿ.ಎಸ್. ಕೊಳ್ಳುವಾಗ ಯು.ಎಸ್.ಬಿ. ತಂತಿಯ ಮೂಲಕ ಗಣಕಯಂತ್ರಕ್ಕೆ ಸೂಚನೆ ಕೊಡುವ ಮಾದರಿಯನ್ನೇ ಕೇಳಿ ಪಡೆಯಬೇಕು. ಅತಿ ಅಗ್ಗದ ಮಾದರಿಗಳಲ್ಲಿ ಇದು ಇರುವುದಿಲ್ಲ. ತಂತಿ ಜೋಡಿಸಿದ ಮೇಲೆ, ವಿಂಡೋಸಿನ ವಿದ್ಯುತ್ ಆಯ್ಕೆಗಳಲ್ಲಿಯೋ ತಯಾರಕರ ತಂತ್ರಾಂಶದಲ್ಲಿಯೋ, ಬ್ಯಾಟರಿ ಇಂತಿಷ್ಟಕ್ಕೆ ಇಳಿದಾಗ ಯಂತ್ರ 'ಹೈಬರ್ನೇಟ್' ಆಗಬೇಕೆಂದು ಒಮ್ಮೆ ಸೂಚಿಸಿದರೆ ಸಾಕು. ಆಗ ಯಂತ್ರವು ಸ್ಮರಣೆಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಇಳಿಸಿ ತಾನೇ ಆರುತ್ತದೆ. ವಿದ್ಯುತ್ ಬಂದು ಗುಂಡಿ ಒತ್ತಿದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಜಾಲದ ಮೂಲಕ ಇನ್ನೊಂದು ಯಂತ್ರದ ಕಡತ ತೆರೆದಿದ್ದರೆ ಮಾತ್ರ ಸಂಪರ್ಕ ಕಡಿದಿರುತ್ತದೆ. ಹಾಗಾಗಿ ದೀರ್ಘ ಕೆಲಸವನ್ನು ಕಡತ ಇರುವ ಯಂತ್ರದಲ್ಲಿಯೇ ಮಾಡಬೇಕು.

ಇಷ್ಟಾದರೂ ಒಂದು ನಿಯಮವನ್ನು ಬಿಡುವಂತಿಲ್ಲ. ವಿಭಜನೆಯಾಗಲಿ ದುರಸ್ತಿಯಾಗಲಿ, ಮೂಲ ಕಡತದ ಮೇಲೆ ಎಂದಿಗೂ ಮಾಡಬಾರದು. ಮೊದಲು ಪ್ರತಿ ತೆಗೆದು, ಅದನ್ನು ಬೇರೆ ಹೆಸರಿನಲ್ಲಿ ತೆರೆದು, ಆಖೈರು ತಾಳೆಪಟ್ಟಿ ಮೂಲದೊಡನೆ ಸರಿಹೊಂದುವುದೇ ಎಂದು ನೋಡಿ, ಆ ಪ್ರತಿಯ ಮೇಲೆ ಕೆಲಸ ಮಾಡಬೇಕು. ಕೆಟ್ಟರೆ ಪ್ರತಿ ಕೆಟ್ಟೀತು. ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ನಾನು ಎಣಿಸುವುದಿಲ್ಲ. ಬೇಕಾದಾಗ ಖಾಲಿ ಕಡತ ಸಿಕ್ಕ ಪ್ರಸಂಗಗಳು ಒಂದೆರಡಲ್ಲ. ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿಟ್ಟ ಪ್ರತಿಯೂ ಡಿಸ್ಕಿನೊಡನೆಯೇ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

ವಿದ್ಯುತ್ ಹೋಗಿ ಲೆಕ್ಕ ನಾಶವಾಯಿತೆಂಬ ಉತ್ತರವನ್ನು ಅಧಿಕಾರಿಗಳು ಒಪ್ಪಬೇಕೆಂದಿಲ್ಲ. ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವವರು, ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ಅದು ನಾಶವಾದರೂ ಯುಕ್ತ ಅವಧಿಯೊಳಗೆ ಮರಳಿ ಪಡೆಯುವಂತೆ ಪ್ರತಿಯನ್ನು ಕಾಪಾಡಬೇಕೆಂದು ಕೇಂದ್ರ ಜಿ.ಎಸ್.ಟಿ. ನಿಯಮಗಳ 57ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಕಡೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಖಾಸಗಿ ನಿಯಮಿತ ಕಂಪನಿಗಳಾಗಿರುವ ಸದಸ್ಯರಿಗೆ ಹೊಣೆ ಇನ್ನೂ ಹೆಚ್ಚು. 2022ರ ಆಗಸ್ಟ್ ತಿದ್ದುಪಡಿಯ ನಂತರ ಲೆಕ್ಕದ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶವನ್ನೇ ಬಳಸಬೇಕು.

ಪೋರ್ಟಲ್‌ನಲ್ಲಿ ತೆರಿಗೆ ಪಾವತಿಸುವಾಗ ವಿದ್ಯುತ್ ಅಥವಾ ರೂಟರ್ ಆರಿದರೆ ಗಾಬರಿಯಿಂದ ಎರಡನೆಯ ಬಾರಿ ಪಾವತಿಸಬೇಡಿ. ಮೊದಲು ವಿದ್ಯುನ್ಮಾನ ನಗದು ಖಾತೆಯನ್ನು ನೋಡಿ. ಬ್ಯಾಂಕಿನಿಂದ ಹಣ ಕಡಿತವಾಗಿಯೂ ಅಲ್ಲಿ ಜಮೆಯಾಗದಿದ್ದರೆ ಪಿ.ಎಂ.ಟಿ.-07 ನಮೂನೆಯಲ್ಲಿ ದೂರು ಸಲ್ಲಿಸಬಹುದು. ರೂಟರಿಗೆಂದೇ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆಯನ್ನು ಕೊಂಡರೆ ಈ ಫಜೀತಿಯೇ ತಪ್ಪುತ್ತದೆ.

ಖರ್ಚಿನ ಬಗ್ಗೆ ಎರಡು ಮಾತು. ಗಣಕಯಂತ್ರಕ್ಕೆ ಜೋಡಿಸಿದ ಉಪಕರಣಗಳು ಅದರ ಅವಿಭಾಜ್ಯ ಅಂಗವೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ಬಿ.ಎಸ್.ಇ.ಎಸ್. ರಾಜಧಾನಿ ಪ್ರಕರಣದಲ್ಲಿ ಹೇಳಿದೆ. ಅದೇ ತರ್ಕದಂತೆ ಗಣಕಯಂತ್ರಕ್ಕೆ ಮಾತ್ರ ಬಳಸುವ ಯು.ಪಿ.ಎಸ್.ಗೂ ಗಣಕಯಂತ್ರದ ಸವಕಳಿ ದರವನ್ನು ಕೋರಬಹುದು. ಆಗ ಆ ದರ ಶೇ. 60 ಇತ್ತು, 2017-18ರ ಆರ್ಥಿಕ ವರ್ಷದಿಂದ ಶೇ. 40 ಆಗಿದೆ. ಅಂಗಡಿಗೆಲ್ಲ ಬೆಳಕು ಕೊಡುವ ಇನ್ವರ್ಟರಿಗೆ ಈ ವಾದ ನಿಲ್ಲುವುದು ಕಷ್ಟ. ಬ್ಯಾಟರಿ ಬದಲಿಸಿದ್ದು ದುರಸ್ತಿ ಖರ್ಚು. ಸೀಸದ ಬ್ಯಾಟರಿಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಆದರೆ ವಿನಾಯಿತಿಯ ಸರಕನ್ನೇ ಮಾರುವವರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು ಎಂಬುದನ್ನು ಬೇಳೆ ಗಿರಣಿಯವರು ನೆನಪಿಡಬೇಕು. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಮಾರಾಟಗಾರರಿಗೆ ಮರಳಿಸಿದರೆ ಸ್ವಲ್ಪ ಬೆಲೆಯೂ ಸಿಗುತ್ತದೆ.

ಆ ಗಿರಣಿಯ ಮುನೀಮರು ಈಗ ಹೊಸ ಬ್ಯಾಟರಿ ಬಂದ ದಿನಾಂಕವನ್ನು ಯು.ಪಿ.ಎಸ್.ನ ಮೇಲೆ ಸುಣ್ಣದ ಕಡ್ಡಿಯಿಂದಲ್ಲ, ಬಣ್ಣದಿಂದಲೇ ಬರೆಸಿದ್ದಾರೆ. ತಿಂಗಳ ಮೊದಲ ಶನಿವಾರ, ಲೆಕ್ಕದ ತಂತ್ರಾಂಶ ಮುಚ್ಚಿದ ಮೇಲೆ, ಗೋಡೆಯ ಸ್ವಿಚ್ಚು ಆರಿಸಿ ಗಡಿಯಾರ ನೋಡುತ್ತ ಕೂರುತ್ತಾರೆ. ಕಳೆದ ಬಾರಿ ನಾನು ಹೋದಾಗ ಹನ್ನೊಂದು ನಿಮಿಷ ಬಂದಿತ್ತು. "ಹತ್ತರ ಕೆಳಗ ಬಂದ್ರ ಬದಲಿ ಮಾಡ್ತೀವ್ರಿ ಸಾಹೇಬ್ರ" ಎಂದರು.